ಆರು ಕ್ಯಾಲಿಫೋರ್ನಿಯಾ, ನಾಲ್ಕು ಫ್ರಾನ್ಸ್

ಪ್ಯಾರಿಸ್ಸಿನಲ್ಲಿ ಫ್ರೆಂಚರಿಗೇ ವೈನ್ ಮಾರುತ್ತಿದ್ದ ಇಂಗ್ಲಿಷರೊಬ್ಬರಿದ್ದರು. ಹೆಸರು ಸ್ಟೀವನ್ ಸ್ಪರಿಯರ್. ಮ್ಯಾಡಲೇನ್ ಚರ್ಚಿನ ಆಸುಪಾಸಿನಲ್ಲಿ ಅವರ ಅಂಗಡಿ. ಅದರ ಜೊತೆಗೆ ವೈನಿನ ರುಚಿ ನೋಡುವುದನ್ನು ಕಲಿಸುವ ಒಂದು ಶಾಲೆ. 1976 ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷ. ಆ ನೆಪದಲ್ಲಿ ಕ್ಯಾಲಿಫೋರ್ನಿಯಾದ ವೈನುಗಳನ್ನು ಪ್ಯಾರಿಸ್ಸಿನ ಘಟಾನುಘಟಿಗಳಿಗೆ ಕುಡಿಸಿ ನೋಡೋಣ ಎಂಬ ಯೋಚನೆ ಹೊಳೆದದ್ದು ಶಾಲೆಯಲ್ಲಿ ಜೊತೆಗಿದ್ದ ಅಮೆರಿಕನ್ ಮಹಿಳೆ ಪ್ಯಾಟ್ರಿಶಿಯಾ ಗ್ಯಾಲಘರ್ ಅವರಿಗೆ. ಮೊದಲು ಗ್ಯಾಲಘರ್, ಆಮೇಲೆ ಸ್ಪರಿಯರ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ತೋಟದಿಂದ ತೋಟಕ್ಕೆ ಅಲೆದು ಬಾಟಲಿಗಳನ್ನು ಆರಿಸಿದರು. ಬಿಳಿ ಶಾರ್ಡೊನೆ ಆರು, ಕೆಂಪು ಕ್ಯಾಬರ್ನೆ ಆರು.

ಬರೀ ಕ್ಯಾಲಿಫೋರ್ನಿಯಾದ ವೈನನ್ನೇ ಮುಂದಿಟ್ಟರೆ ಫ್ರೆಂಚ್ ತೀರ್ಪುಗಾರರು ಮರ್ಯಾದೆಗೆ ನಾಲ್ಕು ಒಳ್ಳೆಯ ಮಾತಾಡಿ ಎದ್ದುಹೋಗುತ್ತಾರೆ ಎಂದು ಸ್ಪರಿಯರ್‌ಗೆ ಅನ್ನಿಸಿತು. ಹಾಗಾಗಿ ಪ್ರತಿ ಸಾಲಿಗೂ ನಾಲ್ಕು ಫ್ರೆಂಚ್ ವೈನುಗಳನ್ನು ಸೇರಿಸಿ ಎಲ್ಲದರ ಗುರುತು ಮುಚ್ಚಿದರು. ಸೇರಿಸಿದ್ದಾದರೂ ಸಾಮಾನ್ಯದ್ದಲ್ಲ. ಬಿಳಿಯ ಸಾಲಿಗೆ ಬರ್ಗಂಡಿಯ ಹೆಸರಾಂತ ತೋಟಗಳ ವೈನು. ಕೆಂಪಿನ ಸಾಲಿಗೆ ಬೋರ್ಡೊದ ಮುತೋಂ ರೋಥ್‌ಶಿಲ್ಡ್, ಓ ಬ್ರಿಯೋಂ, ಮೋಂರೋಸ್, ಲೆಯೋವಿಲ್ ಲಾಸ್ ಕಾಸ್. ಫ್ರಾನ್ಸ್ ಗೆಲ್ಲುತ್ತದೆ, ಕ್ಯಾಲಿಫೋರ್ನಿಯಾ ಗೌರವದಿಂದ ಸೋಲುತ್ತದೆ ಎಂಬುದು ಅವರ ಲೆಕ್ಕ.

ಮೇ 24ರಂದು ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲಿ ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರು ಕೂತರು. ವರದಿ ಮಾಡಲು ಬಂದಿದ್ದ ಪತ್ರಕರ್ತರು ಒಬ್ಬರೇ, 'ಟೈಮ್' ಪತ್ರಿಕೆಯ ಜಾರ್ಜ್ ಟೇಬರ್. ಪಟ್ಟಿ ಅವರ ಕೈಯಲ್ಲಿತ್ತು. ಯಾವ ಗ್ಲಾಸಿನಲ್ಲಿ ಯಾವ ವೈನ್ ಎಂದು ಅವರಿಗೆ ಗೊತ್ತು. ಒಬ್ಬ ಹಿರಿಯ ಬಾಣಸಿಗರು ಒಂದು ಬಿಳಿ ವೈನನ್ನು ಸವಿದು, ಅಂತೂ ಮರಳಿ ಫ್ರಾನ್ಸಿಗೆ ಬಂದೆವು ಎಂಬ ಅರ್ಥದ ಮಾತಾಡಿದಾಗ ಅವರ ಗ್ಲಾಸಿನಲ್ಲಿದ್ದದ್ದು ನಾಪಾ ಕಣಿವೆಯ ಶಾರ್ಡೊನೆ. ಕೊನೆಗೆ ಬಿಳಿಯಲ್ಲಿ 1973ರ ಶಾತೊ ಮಾಂಟೆಲೀನಾ ಮೊದಲು, ಕೆಂಪಿನಲ್ಲಿ 1973ರ ಸ್ಟ್ಯಾಗ್ಸ್ ಲೀಪ್ ಮೊದಲು. ಎರಡೂ ಕ್ಯಾಲಿಫೋರ್ನಿಯಾ. ವೈನ್ ಪತ್ರಿಕೆಯೊಂದರ ಸಂಪಾದಕಿ ಒಡೆಟ್ ಕಾನ್ ತಮ್ಮ ಅಂಕಪಟ್ಟಿಯನ್ನು ವಾಪಸ್ ಕೊಡಿ ಎಂದು ಪಟ್ಟು ಹಿಡಿದರು, ಸ್ಪರಿಯರ್ ಕೊಡಲಿಲ್ಲ.

ಈ ಕಥೆಯನ್ನು ಲೋಕವೆಲ್ಲ ಹೇಳುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಬಾಟಲಿಗಳ ಲೆಕ್ಕ.

ಹತ್ತೂ ವೈನುಗಳು ಗುಣದಲ್ಲಿ ಒಂದೇ ಸಮ ಎಂದು ಇಟ್ಟುಕೊಳ್ಳೋಣ. ತೀರ್ಪುಗಾರರ ಬದಲು ಚೀಟಿ ಎತ್ತಿದರೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ ಸಿಗುವ ಸಾಧ್ಯತೆ ನೂರಕ್ಕೆ 60. ಬಿಳಿ, ಕೆಂಪು ಎರಡರಲ್ಲೂ ಅದೇ ಗೆಲ್ಲುವ ಸಾಧ್ಯತೆ ನೂರಕ್ಕೆ 36. ಇತಿಹಾಸವನ್ನೇ ತಿರುಗಿಸಿತು ಎನ್ನುವ ಫಲಿತಾಂಶ ಬರೀ ಅದೃಷ್ಟದಿಂದಲೇ ಮೂರಕ್ಕೊಂದು ಸಲ ಬರಬಹುದಿತ್ತು. ಕೆಂಪಿನಲ್ಲಿ ಮೊದಲನೆಯದಕ್ಕೂ ಎರಡನೆಯ ಮುತೋಂಗೂ ನಡುವೆ ಇದ್ದದ್ದು, ಒಂಬತ್ತು ಜನರ ಒಟ್ಟು ಅಂಕದಲ್ಲಿ, ಒಂದೂವರೆ ಅಂಕ: 127.5 ಮತ್ತು 126. ಇದರ ಮೇಲೆ ಇನ್ನೊಂದು ಎಡವಟ್ಟೂ ನಡೆದಿತ್ತು. ಮೇಜು ತೆರವು ಮಾಡಲು ಹೊತ್ತಾಗುತ್ತಿದೆ ಎಂದು ಸ್ಪರಿಯರ್ ಬಿಳಿಯ ಫಲಿತಾಂಶವನ್ನು ಕೆಂಪಿಗೆ ಮೊದಲೇ ಓದಿಬಿಟ್ಟರು. ಅಮೆರಿಕದ ಕೈಯಲ್ಲಿ ಒಮ್ಮೆ ಸೋತೆವು ಎಂದು ತಿಳಿದ ಮೇಲೆ ಕೆಂಪನ್ನು ಬಾಯಿಗಿಟ್ಟ ತೀರ್ಪುಗಾರರು ಮೊದಲಿನ ತೀರ್ಪುಗಾರರಾಗಿ ಉಳಿದಿರಲಿಲ್ಲ.

ಸ್ಪರಿಯರ್ ಮೋಸ ಮಾಡಿದರು ಎಂದು ಇದರ ಅರ್ಥವಲ್ಲ. ಅತಿಥಿಗಳಿಗೆ ಹೊಸ ನಾಡಿನ ವೈನು ಪರಿಚಯಿಸುವುದು ಅವರ ಉದ್ದೇಶ. ಅದಕ್ಕೆ ಆರು ಬೇಕಿತ್ತು, ಒರೆಗೆ ಹಚ್ಚಲು ನಾಲ್ಕು ಸಾಕಿತ್ತು. ಆದರೆ ವೈನ್ ಕೂಟವೊಂದು ಪ್ರಯೋಗವೂ ಆಗಬೇಕಾದರೆ ಅದರ ಅರ್ಧ ಫಲಿತಾಂಶ ಬಾಟಲಿ ಆರಿಸುವಾಗಲೇ ನಿಗದಿಯಾಗಿರುತ್ತದೆ.

ಇದಕ್ಕೆ ಒಳ್ಳೆಯ ಜೋಡಿ 2012ರ ಜೂನಿನಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಡೆದ ಪರೀಕ್ಷೆ. ಅದೇ ಜಾರ್ಜ್ ಟೇಬರ್, ಅದೇ ಆರು-ನಾಲ್ಕರ ಸಾಲು. ಕ್ಯಾಲಿಫೋರ್ನಿಯಾದ ಜಾಗದಲ್ಲಿ ಮಾತ್ರ ನ್ಯೂಜೆರ್ಸಿ. ಎರಡೂ ಸಾಲುಗಳಲ್ಲಿ ಮೊದಲು ಬಂದದ್ದು ಫ್ರಾನ್ಸೇ: ಕೆಂಪಿನಲ್ಲಿ 2004ರ ಮುತೋಂ, ಬಿಳಿಯಲ್ಲಿ ಬರ್ಗಂಡಿಯ ಕ್ಲೋ ದೆ ಮೂಷ್. ಆದರೆ ಅಂಕಗಳನ್ನು ಸಂಖ್ಯಾಶಾಸ್ತ್ರದ ಜರಡಿಗೆ ಹಾಕಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಕ್ವಾಂಟ್ ಅವರಿಗೆ ಹೆಚ್ಚಿನ ವೈನುಗಳ ನಡುವೆ ನಂಬಬಹುದಾದ ವ್ಯತ್ಯಾಸವೇ ಕಾಣಲಿಲ್ಲ. ನ್ಯೂಜೆರ್ಸಿಯ ಬಾಟಲಿಗಳ ಬೆಲೆ ಫ್ರೆಂಚ್ ಬಾಟಲಿಗಳ ಬೆಲೆಯ ಇಪ್ಪತ್ತನೆಯ ಒಂದು ಪಾಲಿನಷ್ಟು. ಸುದ್ದಿಯಾದದ್ದು ಯಾರು ಗೆದ್ದರು ಎಂಬುದಲ್ಲ, ಇಷ್ಟು ಅಗ್ಗದ್ದು ಇಷ್ಟು ದುಬಾರಿಯದರ ಪಕ್ಕ ಹೇಗೆ ನಿಂತಿತು ಎಂಬುದು. ಆ ಸುದ್ದಿ ಹುಟ್ಟಿದ್ದೂ ಬಾಟಲಿಗಳ ಆಯ್ಕೆಯಿಂದಲೇ.

ಇನ್ನು ಬಾಯಿಯ ವಿಷಯ. ಕೆಂಪು ವೈನಿನ ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಮತ್ತು ಓಕ್ ಮರದ ಪೀಪಾಯಿಯಿಂದ ಬರುವ ಟ್ಯಾನಿನ್ ಎಂಬ ವಸ್ತುಗಳು. ಗೇರುಹಣ್ಣು ಕಚ್ಚಿದಾಗ ನಾಲಿಗೆ ಹಿಡಿದಂತಾಗುವುದೂ ಇದೇ ಜಾತಿಯ ರಸಾಯನದಿಂದ. ನಮ್ಮ ಜೊಲ್ಲಿನಲ್ಲಿ ಪ್ರೋಲಿನ್ ಹೆಚ್ಚಿರುವ ಕೆಲವು ಪ್ರೋಟೀನುಗಳಿವೆ. ಬಾಯಿಯ ಒಳಗೋಡೆ ಜಾರುತ್ತ ಇರುವಂತೆ ಮಾಡುವುದರಲ್ಲಿ ಅವಕ್ಕೂ ಪಾಲಿದೆ. ಟ್ಯಾನಿನ್ ಇವುಗಳಿಗೆ ಅಂಟಿಕೊಂಡು ಗರಣೆಗಟ್ಟಿಸುತ್ತದೆ. ಜಾರಿಕೆ ಹೋಗಿ ನಾಲಿಗೆ, ಕೆನ್ನೆ ಒಂದಕ್ಕೊಂದು ಉಜ್ಜತೊಡಗುತ್ತವೆ. ಒಗರು ಎನ್ನುವುದು ಸಿಹಿ, ಹುಳಿಯಂತೆ ನಾಲಿಗೆಯ ಮೊಗ್ಗುಗಳಷ್ಟೇ ಹೇಳುವ ರುಚಿಯಲ್ಲ. ಬಹುಪಾಲು ಅದು ಸ್ಪರ್ಶ.

ಕೂಟಕ್ಕೆ ಇದರಿಂದ ಬರುವ ತೊಡಕು ಸಣ್ಣದಲ್ಲ. ಜೊಲ್ಲು ಮತ್ತೆ ಮೊದಲಿನಂತಾಗಲು ಹೊತ್ತು ಬೇಕು. ಗುಟುಕಿನ ಹಿಂದೆ ಗುಟುಕು ಬಂದರೆ ಒಗರು ಬೆಳೆಯುತ್ತಾ ಹೋಗುತ್ತದೆ; ನೀರು ಮುಕ್ಕಳಿಸಿದರೂ ಪೂರ್ತಿ ತೊಳೆಯುವುದಿಲ್ಲ. ಆರನೆಯ ಗ್ಲಾಸಿನ ಒಗರಿನಲ್ಲಿ ಹಿಂದಿನ ಐದು ಗ್ಲಾಸುಗಳ ಪಾಲೂ ಸೇರಿರುತ್ತದೆ. ಬರ್ಗಂಡಿಯ ಪಿನೋ ನ್ವಾರ್ ತೆಳುಸಿಪ್ಪೆಯ ದ್ರಾಕ್ಷಿ. ಅದರ ವೈನು ತಿಳಿಬಣ್ಣದ್ದು, ನಯವಾದದ್ದು. ಅದನ್ನು ನಾಲ್ಕು ಎಳೆಯ ಕ್ಯಾಬರ್ನೆಗಳ ಹಿಂದೆ ಇಟ್ಟರೆ ಅದರ ನಯವೆಲ್ಲ ನೀರುನೀರು ಎನಿಸುತ್ತದೆ. ಬಣ್ಣ ನೋಡಿ ಸಾಲು ಕಟ್ಟೋಣ ಎಂದರೆ ಅಲ್ಲೂ ಮೋಸ. ಇಟಲಿಯ ಬರೋಲೊ ನೋಡಲು ಪಿನೋದಷ್ಟೇ ತೆಳು. ಒಗರಿನಲ್ಲಿ ಮಾತ್ರ ಎಂಥ ಕ್ಯಾಬರ್ನೆಗೂ ಕಡಿಮೆಯಿಲ್ಲ. ಗೊತ್ತಿಲ್ಲದೆ ಅದನ್ನು ಮೊದಲಿಗೆ ಸುರಿದವರ ಉಳಿದ ಸಂಜೆ ಕೆಟ್ಟಿತೆಂದೇ ಲೆಕ್ಕ.

ಬಿಳಿಯ ಮೇಲೆ ಕೆಂಪು, ಹಗುರದ ಮೇಲೆ ದಪ್ಪನೆಯದು, ಸಿಹಿಯಿಲ್ಲದ್ದು ಮುಗಿದ ಮೇಲೆ ಸಿಹಿಯದು ಎಂಬ ಹಳೆಯ ಪದ್ಧತಿ ಹಾಗಾಗಿ ಬರೀ ಶಿಷ್ಟಾಚಾರವಲ್ಲ. ಆದರೂ ಎಷ್ಟೇ ಜಾಣತನದಿಂದ ಸಾಲು ಕಟ್ಟಿದರೂ ಹತ್ತಾರು ವೈನುಗಳ ಸಂತೆಯಲ್ಲಿ ಗೆಲ್ಲುವುದು ಗಟ್ಟಿ ದನಿಯದು: ಹೆಚ್ಚು ಮಾಗಿದ ಹಣ್ಣಿನದು, ಹೆಚ್ಚು ಆಲ್ಕೋಹಾಲಿನದು, ಓಕಿನ ಘಮ ಮುಖಕ್ಕೆ ಹೊಡೆಯುವಂಥದ್ದು. ಊಟದ ಜೊತೆ ಇಡೀ ಬಾಟಲಿ ಮುಗಿಯುವವರೆಗೂ ಬೇಸರ ತರಿಸದ ವೈನು ಬೇರೆ, ಒಂದೇ ಗುಟುಕಿನಲ್ಲಿ ಗಮನ ಸೆಳೆಯುವ ವೈನು ಬೇರೆ. ಕೂಟಕ್ಕೆ ಬಾಟಲಿ ಒಯ್ಯುವವರು ಇವೆರಡರಲ್ಲಿ ಯಾವುದನ್ನು ಹುಡುಕುತ್ತಿದ್ದೇವೆ ಎಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಬಹಳಷ್ಟು ಕೂಟಗಳಲ್ಲಿ ಈ ತೀರ್ಮಾನ ನಡೆಯುವುದಿಲ್ಲ. ಎಲ್ಲರೂ ಅವರವರ ಕಪಾಟಿನ ಅತಿ ದುಬಾರಿ ಬಾಟಲಿ ತರುತ್ತಾರೆ. ಅತಿ ದುಬಾರಿಯವೆಲ್ಲ ಸೇರಿ ಒಂದನ್ನೊಂದು ತಿಂದುಹಾಕುತ್ತವೆ.

ವಿಜ್ಞಾನದ ಹುಡುಗನೊಬ್ಬನಿಗೆ ಈ ಕೆಲಸ ಒಪ್ಪಿಸಿದರೆ ಅವನು ಮೊದಲು ಕೇಳುವುದು ಬೆಲೆಯನ್ನಲ್ಲ, ಪ್ರಶ್ನೆಯನ್ನು. ಯಾವ ಒಂದು ಸಂಗತಿ ಬದಲಾಗಬೇಕು, ಉಳಿದ ಯಾವುವು ನಿಂತಲ್ಲೇ ನಿಲ್ಲಬೇಕು? ವೈನಿನವರು ಇದನ್ನು ಎರಡು ಬಗೆಯಲ್ಲಿ ಮಾಡುತ್ತಾರೆ. ವರ್ಷ ಒಂದೇ, ತೋಟ ಬೇರೆಬೇರೆ ಆದರೆ ಅಡ್ಡಸಾಲು. ತೋಟ ಒಂದೇ, ವರ್ಷ ಬೇರೆಬೇರೆ ಆದರೆ ಉದ್ದಸಾಲು. 1976ರ ಪ್ಯಾರಿಸ್ ಎರಡೂ ಅಲ್ಲ. ಕೆಂಪಿನಲ್ಲಿ 1969ರಿಂದ 1973ರವರೆಗಿನ ವೈನುಗಳಿದ್ದವು, ಬೋರ್ಡೊದವು ಕ್ಯಾಬರ್ನೆಗೆ ಮೆರ್ಲೊ ಮೊದಲಾದ ದ್ರಾಕ್ಷಿ ಬೆರೆತವು, ನಾಡಂತೂ ಬೇರೆ. ಬೋರ್ಡೊದ ವೈನು ನಿಧಾನಕ್ಕೆ ಬೆಳೆಯುತ್ತದೆ, ಐದಾರು ವರ್ಷಕ್ಕೆ ಅದನ್ನು ಕುಡಿಯುವುದು ಅನ್ಯಾಯ ಎಂದು ಫ್ರೆಂಚರು ತಕರಾರೆತ್ತಿದ್ದು ಇದೇ ಕಾರಣಕ್ಕೆ. ಅದಕ್ಕೆ ಉತ್ತರ ಸಿಕ್ಕಿದ್ದು ಮೂವತ್ತು ವರ್ಷದ ನಂತರ. 2006ರಲ್ಲಿ ಅದೇ ಹತ್ತು ಕೆಂಪು ವೈನುಗಳನ್ನು ನಾಪಾ ಮತ್ತು ಲಂಡನ್‌ನಲ್ಲಿ ಒಂದೇ ದಿನ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ! ಗೆದ್ದದ್ದು 1971ರ ರಿಡ್ಜ್ ಮೊಂಟೆ ಬೆಲ್ಲೊ. ಪ್ಯಾರಿಸ್ಸಿನಲ್ಲಿ ಅದು ಐದನೆಯದು. ಫ್ರೆಂಚರ ತಕರಾರು ಬಿದ್ದುಹೋಯಿತು, ಜೊತೆಗೆ 1976ರ ಕ್ರಮಾಂಕವೂ ಬಿದ್ದುಹೋಯಿತು.

ಉದ್ದಸಾಲು ಎಷ್ಟು ಹೇಳಬಲ್ಲದು ಎಂಬುದಕ್ಕೆ ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಆರ್ಲಿ ಆಶನ್‌ಫೆಲ್ಟರ್ ಅವರ ಸೂತ್ರ ಸಾಕ್ಷಿ. ಬೋರ್ಡೊದ ಒಂದು ವರ್ಷದ ವೈನಿಗೆ ಮುಂದೆ ಎಂಥ ಬೆಲೆ ಬರುತ್ತದೆ ಎಂಬುದನ್ನು ಅವರು ಕೆಲವೇ ಸಂಗತಿಗಳಿಂದ ಅಂದಾಜು ಮಾಡಿದರು: ಹಿಂದಿನ ಚಳಿಗಾಲದ ಮಳೆ, ಕಾಯಿ ಮಾಗುವ ಕಾಲದ ಬಿಸಿಲು, ಕೊಯ್ಲಿನ ಹೊತ್ತಿನ ಮಳೆ, ವೈನಿನ ವಯಸ್ಸು. ಬಾಯಿಗೆ ಹನಿ ವೈನೂ ಹಾಕದೆ 1989ರ ಬೆಳೆ ಅದ್ಭುತವಾಗುತ್ತದೆ ಎಂದರು. ವೈನ್ ವಿಮರ್ಶಕರಿಗೆ ಸಿಟ್ಟು ನೆತ್ತಿಗೇರಿತು. ಈ ಸೂತ್ರವನ್ನು ಮೇಜಿನ ಮೇಲೆಯೇ ನೋಡಬಹುದು. ಬೋರ್ಡೊದಲ್ಲಿ 1989 ಮತ್ತು 1990 ಬಿಸಿಲಿನ ವರ್ಷಗಳು. 1991ರ ಏಪ್ರಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಯಿತು. 1992 ಮಳೆಯಲ್ಲಿ ನೆನೆಯಿತು. ಒಂದೇ ತೋಟದ ಈ ನಾಲ್ಕು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟರೆ ಹವಾಮಾನವನ್ನೇ ಕುಡಿದಂತೆ. ಇದಕ್ಕೆ ತಾರಾಮೌಲ್ಯದ ತೋಟವೇ ಆಗಬೇಕೆಂದಿಲ್ಲ. ವರ್ಷಗಳು ಸರಿಯಾಗಿ ಸಿಕ್ಕಿದರೆ ಸಾಕು.

ಬೆಂಗಳೂರಿನ ಕೂಟಗಳಿಗೆ ಇಂಥದೇ ಒಂದು ಪ್ರಶ್ನೆ ಕಾಲಬುಡದಲ್ಲಿದೆ. ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲಿ ಫ್ರೆಂಚ್ ತಳಿಯ ಕ್ಯಾಬರ್ನೆ, ಶಿರಾಜ್ ಬೆಳೆಯುತ್ತವೆ; ಅಲ್ಲಿನ ಗ್ರೋವರ್ ಕಂಪನಿಗೆ ಬೋರ್ಡೊದ ಖ್ಯಾತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿದ್ದರು. ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಮಲಗಿಸುವ ಚಳಿಯೇ ಇಲ್ಲದ್ದರಿಂದ ವರ್ಷಕ್ಕೆ ಎರಡು ಸಲ ಸವರಿ, ಒಂದೇ ಬೆಳೆ ತೆಗೆಯುತ್ತಾರೆ. ಮಳೆಗಾಲ ತಪ್ಪಿಸಿ ಬೇಸಿಗೆಯ ಬಾಗಿಲಲ್ಲಿ ಕೊಯ್ಲು. ಹದಿಮೂರು ಡಿಗ್ರಿ ಅಕ್ಷಾಂಶದ ಶಿರಾಜ್‌ಗೂ ಆಸ್ಟ್ರೇಲಿಯಾದ ಶಿರಾಜ್‌ಗೂ ಏನು ವ್ಯತ್ಯಾಸ? ಹೆಚ್ಚುಕಮ್ಮಿ ಒಂದೇ ಬೆಲೆಯ, ಒಂದೇ ವಯಸ್ಸಿನ ಮೂರು ಮೂರು ಬಾಟಲಿ ತಂದು, ಕಾಗದ ಸುತ್ತಿ ಇಟ್ಟರೆ ಅದು ಗಂಭೀರವಾದ ಪ್ರಶ್ನೆ. ಒಂದೇ ಒಂದು ನಂದಿಯ ಬಾಟಲಿಯನ್ನು ಹತ್ತು ವಿದೇಶಿ ಬಾಟಲಿಗಳ ನಡುವೆ ನುಗ್ಗಿಸಿದರೆ ಅದು ಬರೀ ಮೋಜು.

ಹೆಸರು ಮುಚ್ಚಿದ ಮಾತ್ರಕ್ಕೆ ನಾಲಿಗೆ ನಿಷ್ಪಕ್ಷಪಾತಿ ಆಗಿಬಿಡುವುದಿಲ್ಲ. ಆಂಟೋನಿಯಾ ಮಾಂಟೋನಾಕಿಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಎರಡರಿಂದ ಐದು ಗ್ಲಾಸು ಕೊಟ್ಟು, ಇಷ್ಟವಾದದ್ದನ್ನು ಆರಿಸಿ ಎಂದರು. ಎಲ್ಲ ಗ್ಲಾಸಿನಲ್ಲೂ ಇದ್ದದ್ದು ಒಂದೇ ವೈನು; ಇದು ಕುಡಿಯುವವರಿಗೆ ಗೊತ್ತಿಲ್ಲ. ಸಾಲು ಚಿಕ್ಕದಿದ್ದಾಗ ಜನ ಮೊದಲನೆಯದರತ್ತ ವಾಲಿದರು. ಸಾಲು ಉದ್ದವಾದಾಗ, ವೈನಿನ ತಿಳಿವಳಿಕೆ ಹೆಚ್ಚಿದ್ದವರು ಕೊನೆಯದರತ್ತಲೂ ವಾಲಿದರು. ಬಲ್ಲವರು ಇನ್ನೂ ಒಳ್ಳೆಯದು ಮುಂದಿದೆಯೇನೋ ಎಂದು ಪ್ರತಿ ಹೊಸ ಗ್ಲಾಸನ್ನೂ ಹಳೆಯದರ ಜೊತೆ ತೂಗುತ್ತಾ ಹೋಗುತ್ತಾರೆ ಎಂಬುದು ಸಂಶೋಧಕರ ವಿವರಣೆ. ಎಲ್ಲರಿಗೂ ಒಂದೇ ಕ್ರಮದಲ್ಲಿ ಸುರಿಯುವ ಕೂಟದಲ್ಲಿ ಈ ವಾಲಿಕೆ ಎಲ್ಲರಲ್ಲೂ ಒಂದೇ ದಿಕ್ಕಿಗೆ ಕೂಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕ್ರಮ ಕೊಡುವುದು ಸುರಿಯುವವರಿಗೆ ತಲೆನೋವು, ಆದರೆ ಮದ್ದು ಅದೇ.

ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಕ್ಯಾಲಿಫೋರ್ನಿಯಾದಲ್ಲಿ ಸಣ್ಣದೊಂದು ವೈನ್ ಘಟಕ ನಡೆಸುತ್ತಿದ್ದ ರಾಬರ್ಟ್ ಹಾಡ್ಜ್‌ಸನ್ ಇನ್ನೂ ನೇರವಾಗಿ ಕೈಹಾಕಿದರು. ತಮ್ಮ ವೈನು ಒಂದು ಸ್ಪರ್ಧೆಯಲ್ಲಿ ಚಿನ್ನ ಗೆದ್ದು ಇನ್ನೊಂದರಲ್ಲಿ ಏನೂ ಗೆಲ್ಲದೆ ಬರುತ್ತಿದ್ದದ್ದು ಅವರಿಗೆ ಒಗಟಾಗಿತ್ತು. ಅಲ್ಲಿನ ರಾಜ್ಯಮೇಳದ ಸ್ಪರ್ಧೆಯನ್ನು ನಡೆಸುವವರನ್ನು ಒಪ್ಪಿಸಿ, 2005ರಿಂದ ನಾಲ್ಕು ವರ್ಷ, ಮೂವತ್ತು ಗ್ಲಾಸಿನ ಸಾಲಿನಲ್ಲಿ ಒಂದೇ ಬಾಟಲಿಯ ವೈನನ್ನು ಮೂರು ಸಲ ಬರುವಂತೆ ಮಾಡಿದರು. ಮೂರಕ್ಕೂ ಒಂದೇ ದರ್ಜೆಯ ಪದಕ ಕೊಟ್ಟ ತೀರ್ಪುಗಾರರು ಹತ್ತಕ್ಕೆ ಒಬ್ಬರು. ಆ ಒಬ್ಬರೂ ಮರುವರ್ಷ ಹಾಗೇ ಇರುತ್ತಾರೆ ಎಂಬ ಖಾತರಿಯಿರಲಿಲ್ಲ.

ಇದನ್ನು ಓದಿ ವೈನ್ ವಿಮರ್ಶೆಯೆಲ್ಲ ಬೂಟಾಟಿಕೆ ಎಂದು ನಗುವವರಿದ್ದಾರೆ. ಅಷ್ಟು ಅವಸರ ಬೇಡ. ಮೂವತ್ತು ಗ್ಲಾಸಿನ ಮುಂದೆ ಯಾರ ಮೂಗೂ ದಣಿಯುತ್ತದೆ. ಹಾಡ್ಜ್‌ಸನ್ ಅಳೆದದ್ದು ಆ ದಣಿವನ್ನೂ ಸೇರಿಸಿಯೇ. ಕೂಟಕ್ಕೆ ಹೊರಡುವವರು ಅವರಿಂದ ಕಲಿಯಬೇಕಾದ ಉಪಾಯವೊಂದಿದೆ: ಯಾರಿಗೂ ಹೇಳದೆ ಒಂದೇ ವೈನಿನ ಎರಡು ಬಾಟಲಿ ತರುವುದು. ಎಂಟು ಗ್ಲಾಸುಗಳಲ್ಲಿ ಎರಡು ಒಂದೇ ಆಗಿದ್ದು, ಕೂತವರು ಅವೆರಡಕ್ಕೆ ಕೊಟ್ಟ ಅಂಕದಲ್ಲಿ ಮೂರರ ಅಂತರವಿದ್ದರೆ, ಉಳಿದ ವೈನುಗಳ ನಡುವಿನ ಎರಡಂಕದ ವ್ಯತ್ಯಾಸವನ್ನು ಮರೆಯಬಹುದು. ಆ ಸಂಜೆಯ ಅಳತೆಗೋಲು ಎಷ್ಟು ನಡುಗುತ್ತಿದೆ ಎಂದು ಹೇಳುವುದು ಆ ಜೋಡಿ. ಕೂಟದ ಹೆಮ್ಮೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ, ನಿಜ.

ಬೆಲೆಯನ್ನು ಕೊನೆಯವರೆಗೂ ಬಾಯಿಬಿಡಬಾರದು. 2008ರಲ್ಲಿ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿದ್ದವರಿಗೆ ನಳಿಕೆಯಲ್ಲಿ ಕ್ಯಾಬರ್ನೆ ಕುಡಿಸಿದರು. 90 ಡಾಲರಿನ ವೈನಿಗೆ ಒಮ್ಮೆ ನಿಜ ಬೆಲೆ ಹೇಳಿದರು, ಇನ್ನೊಮ್ಮೆ 10 ಡಾಲರ್ ಎಂದರು. ಹೆಚ್ಚು ಬೆಲೆ ಕೇಳಿದಾಗ ಹೆಚ್ಚು ಇಷ್ಟವಾಯಿತು ಎಂದರು ಜನ. ಅಷ್ಟೇ ಅಲ್ಲ, ಹಣೆಯ ಹಿಂಬದಿಯಲ್ಲಿ, ಕಣ್ಣುಗೂಡಿನ ಮೇಲಿರುವ, ಹಿತವನ್ನು ಅಳೆಯುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಸುಳ್ಳು ಹೇಳುತ್ತಿದ್ದರು ಎನ್ನುವಂತಿಲ್ಲ. ಬಣ್ಣದ ಕೈವಾಡ ಇನ್ನೂ ಹಳೆಯ ಕಥೆ: ಬೋರ್ಡೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ವೈನ್ ಶಾಸ್ತ್ರದ ವಿದ್ಯಾರ್ಥಿಗಳು ಅದರ ವಾಸನೆಯನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದರು.

ಬಾಟಲಿಗೆ ಅಂಟಿಸಿದ ಚೀಟಿಯ ಮಹಿಮೆಯನ್ನು ಚೆನ್ನಾಗಿ ಬಲ್ಲವನು ಲಾಸ್ ಏಂಜಲೀಸಿನ ರೂಡಿ ಕುರ್ನಿಯಾವಾನ್. ಇಂಡೋನೇಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈ ಯುವಕ ಸಿರಿವಂತರ ವೈನ್ ಕೂಟಗಳಿಗೆ ಯಾರೂ ತರಲಾರದ ಹಳೆಯ ಬರ್ಗಂಡಿಗಳನ್ನು ಧಾರಾಳವಾಗಿ ತರುತ್ತಿದ್ದ. ನ್ಯೂಯಾರ್ಕಿನ ರೆಸ್ಟೋರೆಂಟಿನಲ್ಲಿ ಕೂಟ ಮುಗಿದ ಮೇಲೆ ಖಾಲಿ ಬಾಟಲಿಗಳನ್ನು ಮನೆಗೆ ಕಳಿಸಿ ಎನ್ನುತ್ತಿದ್ದ. ನೆನಪಿಗೆ ಎಂದು ಎಲ್ಲರೂ ನಂಬಿದರು. 2008ರ ಹರಾಜೊಂದರಲ್ಲಿ ಅವನ ಕಡೆಯಿಂದ ಬಂದ, ಪೋನ್ಸೋ ಮನೆತನದ 'ಕ್ಲೋ ಸೇಂ ದೆನಿ' ವೈನಿನ ಚೀಟಿಯ ಮೇಲೆ 1945ರಂಥ ವರ್ಷಗಳಿದ್ದವು. ಆ ಮನೆತನ ಆ ವೈನನ್ನು ಮಾಡಲು ಶುರುಮಾಡಿದ್ದೇ 1980ರ ದಶಕದಲ್ಲಿ. ತೋಟದ ಒಡೆಯ ಲೋರಾಂ ಪೋನ್ಸೋ ಖುದ್ದಾಗಿ ಬಂದು ಅವನ್ನು ಹರಾಜಿನಿಂದ ತೆಗೆಸಿದರು. 2012ರಲ್ಲಿ ಪೊಲೀಸರು ಮನೆಗೆ ನುಗ್ಗಿದಾಗ ಸಿಕ್ಕಿದ್ದು ಚೀಟಿಗಳ ರಾಶಿ, ಬಿರಡೆಗಳು, ಹಳೆಯ ಬೋರ್ಡೊ ಎಂದು ದಾಟಿಸಲು ಗುರುತು ಹಾಕಿಟ್ಟ ಅಗ್ಗದ ನಾಪಾ ವೈನುಗಳು. ಹತ್ತು ವರ್ಷ ಶಿಕ್ಷೆಯಾಯಿತು. ಅವನ ಜೊತೆ ಕೂತು ಕುಡಿದವರಲ್ಲಿ ಪಳಗಿದ ನಾಲಿಗೆಗಳೇ ಹೆಚ್ಚು. ಎಲ್ಲಿ ಕೊಂಡದ್ದು, ಎಷ್ಟು ವರ್ಷ ಎಲ್ಲಿ ಮಲಗಿತ್ತು ಎಂದು ಹೇಳಲಾಗದ ಹಳೆಯ ಬಾಟಲಿಯನ್ನು ಒಯ್ಯುವ ಬದಲು, ಊರಿನ ಅಂಗಡಿಯಲ್ಲಿ ಕೊಂಡು ತಂಪಿನಲ್ಲಿ ಇಟ್ಟ ಎಳೆಯದನ್ನು ಒಯ್ಯುವುದು ಮೇಲು.

ಹಳೆಯದನ್ನೇ ಒಯ್ಯುವುದಾದರೆ ಇನ್ನೊಂದು ಪಾಡಿದೆ. ಬಣ್ಣದ ಕಣಗಳೂ ಟ್ಯಾನಿನ್ನೂ ವರ್ಷಗಟ್ಟಲೆ ಒಂದಕ್ಕೊಂದು ಹೆಣೆದುಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಆ ಗಷ್ಟು ಕಹಿ, ಬಾಯಿಗೆ ಮರಳುಮರಳು. ಬಾಟಲಿಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿದರೆ ಗಷ್ಟು ಬುಡದಲ್ಲಿ ಕೂರುತ್ತದೆ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಗಂಟೆ ಕುಲುಕಿದರೆ ಎಲ್ಲ ವ್ಯರ್ಥ. ಮನೆಯಲ್ಲೇ ನಿಧಾನವಾಗಿ ಬಗ್ಗಿಸಿ, ಗಷ್ಟು ಬಿಟ್ಟು, ತೊಳೆದ ಬಾಟಲಿಗೆ ತುಂಬಿ ಒಯ್ಯುವವರಿದ್ದಾರೆ. ಎಳೆಯ ವೈನಿಗೆ ಈ ಗಾಳಿ ಒಳ್ಳೆಯದು. ನಲವತ್ತು ವರ್ಷದ್ದಕ್ಕೆ ಅಲ್ಲ. ಅದರ ಘಮ ಮೇಜು ತಲುಪುವ ಮೊದಲೇ ಹಾರಿಹೋಗಿರುತ್ತದೆ. ದೂರ ಒಯ್ಯಬೇಕಿದ್ದರೆ ಅಂಥ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಗೆಳೆಯರನ್ನು ಅಲ್ಲಿಗೇ ಕರೆಯುವುದು ಲೇಸು.

ಪ್ರಮಾಣದ ಲೆಕ್ಕ ಸುಲಭ. ಬಾಟಲಿ 750 ಮಿಲಿ; ರುಚಿ ನೋಡಲು ತಲೆಗೆ 50 ಮಿಲಿ ಸಾಕು. ಒಂದು ಬಾಟಲಿ ಹದಿನೈದು ಮಂದಿಗಾಯಿತು. ಹತ್ತು ವೈನುಗಳನ್ನು ಪೂರ್ತಿ ನುಂಗಿದರೆ ಅರ್ಧ ಲೀಟರು. ನೂರಕ್ಕೆ 13ರ ವೈನಾದರೆ ಅದರಲ್ಲಿ 65 ಮಿಲಿ ಶುದ್ಧ ಆಲ್ಕೋಹಾಲು, ಅಂದರೆ ಐದು ಸಣ್ಣ ಪೆಗ್ ವಿಸ್ಕಿಯಷ್ಟು. ವೃತ್ತಿಪರರ ಮೇಜಿನ ಮೇಲೆ ಪೀಕದಾನಿ ಇರುವುದು ಇದಕ್ಕೇ. ಉಗುಳಲು ನಾಚುವ ಬಳಗವಾದರೆ ಹತ್ತರ ಬದಲು ಐದು ವೈನು ಆರಿಸುವುದು ಕ್ಷೇಮ.

ಕಡೆಯದಾಗಿ ಬಿರಡೆ. 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಟ್ಯಾನರ್ ಮತ್ತು ಸಂಗಡಿಗರು ಕೆಟ್ಟ ಬಿರಡೆಯ ಮುಗ್ಗಲು ವಾಸನೆಯ ಮೂಲವನ್ನು ಗುರುತಿಸಿದರು: ಟ್ರೈಕ್ಲೋರೋಅನಿಸೋಲ್, ಚಿಕ್ಕದಾಗಿ ಟಿಸಿಎ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಪಳಗಿದ ಮೂಗಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. 2013ರಲ್ಲಿ ಜಪಾನಿನ ಸಂಶೋಧಕರು ಇದರ ಇನ್ನೊಂದು ಮುಖ ತೋರಿಸಿದರು. ಟಿಸಿಎ ವಾಸನೆ ಬೀರುವುದಷ್ಟೇ ಅಲ್ಲ. ಮೂಗಿನ ಗ್ರಾಹಕ ಕೋಶಗಳಲ್ಲಿ ಸಂಕೇತ ಹೊರಡಿಸುವ ಅಯಾನು ದಾರಿಗಳನ್ನೇ ಅದುಮುತ್ತದೆ. ಮುಗ್ಗಲು ಗೊತ್ತಾಗದಷ್ಟು ಕಡಿಮೆ ಇದ್ದಾಗಲೂ ವೈನಿನ ಉಳಿದ ಘಮಗಳು ಮಂಕಾಗಬಹುದು. ಕೂಟದಲ್ಲಿ ಏನೋ ಸಪ್ಪೆಯಾಯಿತು, ಇಷ್ಟು ಹೆಸರಿನ ವೈನು ಇಷ್ಟೇನಾ ಎಂದು ಕೊನೆಯ ಸ್ಥಾನಕ್ಕೆ ತಳ್ಳಿದ ಗ್ಲಾಸಿನಲ್ಲಿ ತಪ್ಪು ವೈನಿನದಾಗಿರದೆ ಬಿರಡೆಯದಾಗಿರಬಹುದು. ತಿಳಿದುಕೊಳ್ಳಲು ಇರುವ ದಾರಿ ಒಂದೇ, ಅದೇ ವೈನಿನ ಎರಡನೆಯ ಬಾಟಲಿ ತೆರೆಯುವುದು. ಮೇಲೆ ಹೇಳಿದ ಗುಟ್ಟಿನ ಜೋಡಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಹಾಗಾಗಿ ಬಜೆಟ್ಟು ಬಿಗಿಯಾಗಿದ್ದರೆ ಎರಡು ಬೇರೆಬೇರೆ ವೈನುಗಳ ಬದಲು ಒಂದೇ ವೈನಿನ ಎರಡು ಬಾಟಲಿ ಕೊಂಡು ಹೊರಡಬಹುದು.